ಐದರ ಬೆನ್ನ ಹಿಂದೆ

ನಮ್ಮ ವಿದ್ಜೆಮೆಯಲ್ಲಿ ದಶಮಾಂಶಕ್ಕೆ ಚುಕ್ಕಿಯಿಲ್ಲ,
ಅಲ್ಪವಿರಾಮ.
ಮೂರು ಎಂದು ನಿಂತು, ಉಸಿರೆಳೆದುಕೊಂಡು
ಆಮೇಲೆ ಮಿಕ್ಕಿದ್ದು ಹೇಳುತ್ತೇವೆ.

ಡೇರಿಯ ಹಿಂಬದಿಯ ಕೋಣೆಯಲ್ಲಿ ಸ್ಕೈದ್ರೀತೆ
ಹಾಲಿನ ಕೊಬ್ಬು ಅಳೆದದ್ದು ಮೂವತ್ತೊಂದು ವರ್ಷ.
ಆಸಿಡ್ ಸುಟ್ಟ ಎರಡು ಬೆರಳು,
ಕಿವಿಗೆ ಸಿಕ್ಕಿಸಿದ ಮೋಟು ಪೆನ್ಸಿಲ್ಲು.
ದರ ನಿಂತಿದ್ದು ವಿರಾಮದಾಚೆಯ ಒಂದೇ ಮನೆಯ ಮೇಲೆ:
೩,೬ಕ್ಕೆ ಒಂದು, ೩,೭ಕ್ಕೆ ಇನ್ನೊಂದು.

"ದಾಗ್ನಿಯ, ನಾಲ್ಕರವರೆಗೆ ಇಳಿಸು, ಆರರಿಂದ ಏರಿಸು,
ಅದಕ್ಕೆ ಬುದ್ಧಿ ಬೇಕಿಲ್ಲ.
ಐದು ಮಾತ್ರ ಅಡ್ಡಗೋಡೆಯ ಮೇಲಿನ ದೀಪ."

ಶಾಲೆಯ ಪಾಠ ಒಪ್ಪಿಸಿದೆ: ಐದಿದ್ದರೆ ಏರಿಸಬೇಕು.
"ಯಾವಾಗಲೂ?"
"ಯಾವಾಗಲೂ."
"ದಿನಕ್ಕೆ ನಾನ್ನೂರು ಕ್ಯಾನು ಬರುತ್ತವೆ, ಹುಡುಗಿ.
ಹನಿಗೂಡಿದರೆ ಹಳ್ಳ.
ಆ ಹಳ್ಳದಲ್ಲಿ ಡೇರಿ ಮುಳುಗುತ್ತದೆ.
ಯಾವಾಗಲೂ ಇಳಿಸಿದೆಯೋ,
ದನ ಕಟ್ಟಿದವರು ಮುಳುಗುತ್ತಾರೆ."

ಅವಳ ದಾರಿ ಇದು: ಐದರ ಎಡಕ್ಕಿರುವ ಅಂಕಿ ನೋಡು,
ಸಮವಿದ್ದರೆ ಮುಟ್ಟಬೇಡ,
ಬೆಸವಿದ್ದರೆ ಒಂದು ಕೊಟ್ಟು ಸಮ ಮಾಡು.
೩,೬೫ ಇಳಿದು ೩,೬.
೩,೭೫ ಏರಿ ೩,೮.
ಒಮ್ಮೆ ಇವರಿಗೆ, ಒಮ್ಮೆ ಅವರಿಗೆ.
ಸಮ ಎಂದರೆ ಎರಡರಿಂದ ಭಾಗವಾಗುವುದು
ಎಂದಷ್ಟೇ ತಿಳಿದಿದ್ದೆ, ಅಲ್ಲಿಯವರೆಗೆ.

"ಆದರೆ ಮೊದಲು ಐದರ ಬೆನ್ನ ಹಿಂದೆ ಇಣುಕು.
ಅಲ್ಲಿ ಪುಟಾಣಿ ಒಂದು ಅವಿತಿದ್ದರೂ ಸರಿ,
ಅದು ಅರ್ಧವಲ್ಲ, ಅರ್ಧ ದಾಟಿದ್ದು.
ಎಡಬಲ ಕೇಳದೆ ಏರಿಸು."

ಎವಾಲ್ಡ್ಸನಿಗೆ ಇದ್ದದ್ದು ಜೀಮಲ್ಯ ಒಂದೇ, ಹಣೆಚುಕ್ಕೆಯ ಕಂದು ಹಸು.
ಫೆಬ್ರವರಿಯ ಸರಾಸರಿ ೩,೭೪೭೬.
ಅವನ ಕೋಟಿನ ತೋಳು ಹರಿದಿತ್ತು. ನಾನು ನೋಡಬಾರದಿತ್ತು, ನೋಡಿದೆ.
ಮೊದಲು ೩,೭೫ ಮಾಡಿಕೊಂಡೆ,
ಆಮೇಲೆ ೩,೮.
ಒಂದೊಂದು ಮೆಟ್ಟಿಲೂ ನೇರ,
ಹತ್ತಿ ತಲುಪಿದ ಅಟ್ಟ ಮಾತ್ರ ಪಕ್ಕದ ಮನೆಯದು.

ಸ್ಕೈದ್ರೀತೆ ಹೊಡೆದುಹಾಕಿ ೩,೭ ಬರೆದಳು.
"ದುಂಡು ಮಾಡುವುದು ಒಂದೇ ಸಲ, ಕಟ್ಟಕಡೆಗೆ.
ಅಲ್ಲಿಯವರೆಗೆ ಉದ್ದ ಬಾಲವನ್ನು ಹೊತ್ತುಕೊಂಡೇ ನಡೆ.
ಕರುಣೆ ಬಂದರೆ ನಿನ್ನ ಜೇಬಿದೆ,
ಅಂಕಿಯ ಜೇಬಿಗೆ ಕೈ ಹಾಕಬೇಡ."

ನನ್ನ ಊಟದ ರೈ ರೊಟ್ಟಿಯನ್ನು
ಅವನ ಖಾಲಿ ಕ್ಯಾನಿನಲ್ಲಿಟ್ಟೆ.
ಅವನದನ್ನು ನಾಯಿಗೆ ಹಾಕಿದ,
ಎರಡು ವರ್ಷ ನಮ್ಮಿಬ್ಬರೊಡನೆ ಮಾತಾಡಲಿಲ್ಲ.

ಜೂನ್ ಇಪ್ಪತ್ಮೂರಕ್ಕೆ ಹುಟ್ಟಿದವಳು
ಡಿಸೆಂಬರ್ ಇಪ್ಪತ್ಮೂರಕ್ಕೆ ತೀರಿಕೊಂಡಳು.
ಶಿಲುಬೆಯ ಹಲಗೆಯಲ್ಲಿ ಹೆಸರು, ವಯಸ್ಸು, ಅಷ್ಟಕ್ಕೇ ಜಾಗ.
ಮಗಳು ಮಿರ್ದ್ಜಾ ಕೇಳಿದಳು: "ಎಪ್ಪತ್ತೆಂಟೂವರೆ, ಏನು ಬರೆಸೋಣ?"
"ಎಂಟು ಸಮ, ಮುಟ್ಟಬೇಡ," ಎಂದುಬಿಟ್ಟೆ.
ಅವಳ ಶಿಷ್ಯೆ ಎಂಬ ಹೆಮ್ಮೆ ಬೇರೆ.

ರಾತ್ರಿ ನಿದ್ದೆ ಹತ್ತಲಿಲ್ಲ.
ಇಣುಕಿರಲಿಲ್ಲವಲ್ಲ ನಾನು.
ಎದ್ದು ಕ್ಯಾಲೆಂಡರ್ ಹಾಸಿ ಬೆರಳು ಮಡಚಿದೆ:
ಜೂನಿನಲ್ಲಿ ಉಳಿದದ್ದು ಏಳು, ಜುಲೈ, ಆಗಸ್ಟ್...
ನೂರ ಎಂಬತ್ಮೂರು ದಿನ.
ಬರುವ ಫೆಬ್ರವರಿಗೆ ಇಪ್ಪತ್ತೊಂಬತ್ತಿಲ್ಲ;
ವರ್ಷಕ್ಕೆ ಮುನ್ನೂರ ಅರವತ್ತೈದೇ,
ಅದರರ್ಧ ನೂರ ಎಂಬತ್ತೆರಡೂವರೆ.
ಅರ್ಧ ದಿನ ಹೆಚ್ಚು ಬದುಕಿದ್ದಾಳೆ ಮುದುಕಿ,
ಒಂದು ಬೆಳಗಿನ ಹಾಲು ಅಳೆಯುವಷ್ಟು.

ಮೊಣಕಾಲುದ್ದದ ಹಿಮ ತುಳಿಯುತ್ತ
ಬೆಳಕಾಗುವ ಮೊದಲೇ ಕೆತ್ತುವವನ ಬಾಗಿಲು ಬಡಿದೆ:
"ಎಪ್ಪತ್ತೊಂಬತ್ತು!"
ಏಳು ಆಗಲೇ ಮುಗಿಸಿದ್ದ.
ಎಂಟಕ್ಕೆ ಉಳಿ ಊರಿದ್ದನಷ್ಟೆ.